ಬಿಸಿಲಲ್ಲಿ ಹುಡುಗಿಯರೇ ಬೇಗ ಕುಸಿಯುತ್ತಾರಾ? ಆರ್ಮಿ ಟ್ರೈನಿಂಗ್ ಬಗ್ಗೆ ಗೊತ್ತಿರುವವರು ದಯವಿಟ್ಟು ಹೇಳಿ

ದಾಸರಹಳ್ಳಿ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಅಗ್ನಿವೀರ್ ಮಹಿಳಾ ಮಿಲಿಟರಿ ಪೊಲೀಸ್ ಭರ್ತಿಗೆ ತಯಾರಿ ಮಾಡುತ್ತಿದ್ದೇನೆ. ಬಿ.ಕಾಂ. ಕೊನೇ ವರ್ಷ. ಕಾಲೇಜು ಮುಗಿಸಿ ಮನೆಗೆ ಬರುವಷ್ಟರಲ್ಲಿ ಎರಡೂವರೆ ಆಗುತ್ತೆ. ಹಾಗಾಗಿ ನಮ್ಮ ಬ್ಯಾಚಿಗೆ ಗ್ರೌಂಡ್ ಮಧ್ಯಾಹ್ನ ಮೂರೂವರೆಗೆ. ಹೆಸರಘಟ್ಟ ರಸ್ತೆ ಕಡೆ ಒಂದು ಅಕಾಡೆಮಿ, ಹೆಸರು ಬೇಡ. ಭರ್ತಿ ಟೆಸ್ಟಿನಲ್ಲಿ 1.6 ಕಿ.ಮೀ. ಏಳೂವರೆ ನಿಮಿಷದೊಳಗೆ ಓಡಿದರೆ ಫಸ್ಟ್ ಗ್ರೂಪ್, ಎಂಟು ನಿಮಿಷದೊಳಗೆ ಓಡಿದರೆ ಸೆಕೆಂಡ್ ಗ್ರೂಪ್. ನನ್ನ ಟೈಮಿಂಗ್ ಎಂಟರ ಹತ್ತಿರ ಬಂದು ಅಲ್ಲೇ ನಿಂತಿದೆ.

ಈ ಏಪ್ರಿಲ್ ಬಿಸಿಲು ನಿಮಗೆಲ್ಲ ಗೊತ್ತೇ ಇದೆ. ಹೋದ ವಾರ ನನ್ನ ಜೊತೆ ಓಡುವ ಹುಡುಗಿ ನಾಲ್ಕನೇ ರೌಂಡಿನಲ್ಲಿ ಪಕ್ಕಕ್ಕೆ ಹೋಗಿ ಕೂತಳು. ಮುಖ ಬಿಳುಚಿತ್ತು, ವಾಂತಿ ಆಯಿತು, ಎದ್ದು ನಿಂತರೆ ತಲೆ ಸುತ್ತು. ಮಾತೇನೋ ಸರಿಯಾಗೇ ಆಡುತ್ತಿದ್ದಳು. ಅವಳು ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ನಾವು ಹುಡುಗಿಯರು ಯಾರೂ ಜಾಸ್ತಿ ಕುಡಿಯುವುದಿಲ್ಲ, ಗ್ರೌಂಡಿನಲ್ಲಿ ಟಾಯ್ಲೆಟ್ ಇಲ್ಲ. ಕೋಚ್ ಎಲ್ಲರ ಮುಂದೆ, "ಹುಡುಗಿಯರ ಬಾಡಿ ಬಿಸಿಲಿಗೆ ಆಗಲ್ಲ. ನಾಳೆ ರಾಜಸ್ಥಾನಕ್ಕೆ ಹಾಕಿದರೆ ಏನು ಮಾಡ್ತೀರಿ?" ಅಂದರು. ಅವಳು ಆಮೇಲೆ ಬರಲೇ ಇಲ್ಲ. ಫೋನ್ ಮಾಡಿದರೆ "ಬಿಡು, ಅವರು ಹೇಳಿದ್ದು ನಿಜ ಇರಬೇಕು" ಅಂತಾಳೆ.

ಅದು ನಿಜವಾ? ನಮ್ಮ ದೇಹದಲ್ಲೇ ಅಂಥ ವ್ಯತ್ಯಾಸ ಇದೆಯಾ? ಮುಟ್ಟಿನ ಸಮಯದಲ್ಲಿ ಬಿಸಿಲಿಗೆ ಓಡಿದರೆ ಅಪಾಯ ಜಾಸ್ತಿನಾ? ಆರ್ಮಿಯಲ್ಲಿ ಇದ್ದವರು ಯಾರಾದರೂ ಇದ್ದರೆ ನಿಜ ಹೇಳಿ. ಸಮಾಧಾನಕ್ಕೆ ಹೇಳುವುದು ಬೇಡ.

ಜಾಲಹಳ್ಳಿ ಸಿಸ್ಟರ್

ನೋಡಮ್ಮ, ನಾನು ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಇದ್ದವಳು. ಈಗ ನಿವೃತ್ತಿಯಾಗಿ ಜಾಲಹಳ್ಳಿಯಲ್ಲಿದ್ದೇನೆ. ರಾಜಸ್ಥಾನದ ಬೇಸಿಗೆಯನ್ನು ಮಿಲಿಟರಿ ಆಸ್ಪತ್ರೆಯ ಒಳಗೆ ನಿಂತು ನೋಡಿದ್ದೇನೆ. ನಿನ್ನ ಕೋಚ್ ಹೇಳಿದ ಮಾತಿನಲ್ಲಿ ಒಂದು ಚೂರು ನಿಜ ಇದೆ, ಉಳಿದದ್ದೆಲ್ಲ ತಪ್ಪು. ಆ ಹುಡುಗಿಗೂ ಇದನ್ನು ಓದಿಸು.

ಮೊದಲು ಎರಡು ಬೇರೆ ಬೇರೆ ವಿಷಯ ತಿಳಿದುಕೋ. ಒಂದು ಬಿಸಿಲ ಬಳಲಿಕೆ. ತಲೆಸುತ್ತು, ವಾಂತಿ, ಸುಸ್ತು, ಬಿಳುಚಿದ ಮುಖ. ಆದರೆ ಬುದ್ಧಿ ಸರಿ ಇರುತ್ತೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತಾರೆ. ನೀನು ಬರೆದದ್ದು ನೋಡಿದರೆ ನಿನ್ನ ಗೆಳತಿಗೆ ಆಗಿದ್ದು ಇದೇ ಇರಬೇಕು. ಇನ್ನೊಂದು ಹೀಟ್ ಸ್ಟ್ರೋಕ್. ಮೈಯೊಳಗಿನ ಶಾಖ 40 ಡಿಗ್ರಿ ದಾಟಿ, ಮಿದುಳು ಕೆಡಲು ಶುರುವಾಗುತ್ತೆ. ಇದು ಪ್ರಾಣ ತೆಗೆಯುವ ಕಾಯಿಲೆ.

ಅಮೆರಿಕದ ಸೈನ್ಯದಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರು ವರ್ಷವರ್ಷವೂ ಇದರ ಲೆಕ್ಕ ಪ್ರಕಟಿಸುತ್ತಾರೆ. ಒಟ್ಟು ಎಷ್ಟು ಮಂದಿ ಅಂತ ಅಲ್ಲ, ಇಷ್ಟು ಜನಕ್ಕೆ ಇಷ್ಟು ಅಂತ. ಆ ಲೆಕ್ಕದಲ್ಲಿ ಹೀಟ್ ಸ್ಟ್ರೋಕ್ ಗಂಡಸರಿಗೇ ಜಾಸ್ತಿ. ಬಿಸಿಲ ಬಳಲಿಕೆ ಮಾತ್ರ ಎಷ್ಟೋ ವರ್ಷ ಹೆಂಗಸರಲ್ಲಿ ಸ್ವಲ್ಪ ಜಾಸ್ತಿ ಕಾಣುತ್ತೆ. ಅಂದರೆ ಚಿಕ್ಕದರಲ್ಲಿ ಹೆಂಗಸರು ಸ್ವಲ್ಪ ಮುಂದೆ, ಕೊಲ್ಲುವುದರಲ್ಲಿ ಗಂಡಸರು ಮುಂದೆ. ಇದಕ್ಕೆ ಬರೀ ದೇಹ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಗಂಡು ಹುಡುಗರ ಮಾಂಸಖಂಡ ದೊಡ್ಡದು, ಅವರು ಜೋರಾಗಿ ಓಡುತ್ತಾರೆ, ಒಳಗೆ ಶಾಖ ಜಾಸ್ತಿ ಹುಟ್ಟುತ್ತೆ. ಅದು ಇದ್ದೇ ಇದೆ. ಆದರೆ ನಾನು ಕಣ್ಣಾರೆ ಕಂಡಿದ್ದು ಏನೆಂದರೆ, ಅವರು ನಿಲ್ಲುವುದಿಲ್ಲ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ರೈಫಲ್, ಪಿಟ್ಟೂ (ಸಾಮಾನು ತುಂಬಿದ ಬೆನ್ನುಚೀಲ) ಹಾಕಿಕೊಂಡು ಓಡುವ ಟೆಸ್ಟ್. ಕೊನೇ ಕಿಲೋಮೀಟರಿನಲ್ಲಿ ಒಂದು ಕಡೆಗೆ ವಾಲುತ್ತಾ ಓಡುತ್ತಿದ್ದನಂತೆ. ಜೊತೆಯವರು ಇಬ್ಬರು ರಟ್ಟೆ ಹಿಡಿದು ಗೆರೆ ದಾಟಿಸಿದರು. ಕರೆತಂದಾಗ ಅವನ ಬಟ್ಟೆ ಬೆವರಿನಲ್ಲಿ ತೊಯ್ದು ತೊಟ್ಟಿಕ್ಕುತ್ತಿತ್ತು. "ಬೆವರು ಬರ್ತಿದೆ, ಹೀಟ್ ಸ್ಟ್ರೋಕ್ ಅಲ್ಲ" ಅಂತ ಕರೆತಂದವರೇ ಹೇಳಿದರು. ಇದು ಎಲ್ಲ ಕಡೆ ಇರುವ ತಪ್ಪು ತಿಳಿವಳಿಕೆ. ವಯಸ್ಸಾದವರಿಗೆ ಮನೆಯಲ್ಲಿ ಕೂತಲ್ಲೇ ಬರುವ ಹೀಟ್ ಸ್ಟ್ರೋಕ್‌ನಲ್ಲಿ ಚರ್ಮ ಒಣಗಿರುತ್ತೆ. ಓಡಿ ಓಡಿ ಬರುವುದರಲ್ಲಿ ಬೆವರು ಸುರಿಯುತ್ತಲೇ ಇರಬಹುದು. ಅವನ ನಂಬರ್ ಕೇಳಿದೆ. ಸೈನಿಕನಿಗೆ ತನ್ನ ನಂಬರ್ ನಿದ್ದೆಯಲ್ಲೂ ಮರೆಯುವುದಿಲ್ಲ. ಅವನು ಏನೇನೋ ಅಂಕಿ ಹೇಳಿದ, ಎದ್ದು ಓಡಲು ನೋಡಿದ, ಹಿಡಿದವರಿಗೆ ಒದ್ದ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ ಸಾಧಾರಣ ಜ್ವರದಷ್ಟೇ ತೋರಿಸಿತು. ಗುದದ್ವಾರದಲ್ಲಿ ಇಟ್ಟಾಗ 41 ದಾಟಿತ್ತು. ಬೂಟಿನ ಲೇಸ್ ಕತ್ತರಿಸಿ ಎಳೆದು, ಐಸ್ ಹಾಕಿದ ನೀರಿನ ಟಬ್ಬಿಗೆ ಕುತ್ತಿಗೆವರೆಗೆ ಇಳಿಸಿದೆವು. ಒಬ್ಬರು ತಲೆ ಹಿಡಿದರು, ಒಬ್ಬರು ನೀರು ಕಲಕುತ್ತಲೇ ಇದ್ದರು. 39ಕ್ಕೆ ಬಂದ ಮೇಲೆ ಹೊರಗೆ ತೆಗೆದೆವು. ಕಣ್ಣು ಬಿಟ್ಟು ಅವನು ಕೇಳಿದ ಮೊದಲ ಮಾತು, "ಟೈಮಿಂಗ್ ಎಷ್ಟು ಬಂತು?"

ಅವನು ಬದುಕಿದ್ದು ಮೊದಲ ಅರ್ಧ ಗಂಟೆಯೊಳಗೆ ಮೈ ತಣ್ಣಗಾಯಿತು ಅಂತ. ಆ ಅರ್ಧ ಗಂಟೆ ಕೈತಪ್ಪಿದರೆ ಕಿಡ್ನಿ, ಲಿವರ್ ಎಲ್ಲ ಒಂದೊಂದಾಗಿ ಹೋಗುತ್ತೆ. ಅದಕ್ಕೇ ಮೊದಲು ತಣಿಸು, ಆಮೇಲೆ ಸಾಗಿಸು ಅನ್ನುವುದು.

ಈಗ ನಿನ್ನ ವಿಷಯ. ಇಷ್ಟೆಲ್ಲ ಬರೆದು ಮಧ್ಯದಲ್ಲಿ ಒಂದು ಸಾಲು ಹಾಕಿದ್ದೀಯಲ್ಲ, "ಗ್ರೌಂಡಿನಲ್ಲಿ ಟಾಯ್ಲೆಟ್ ಇಲ್ಲ" ಅಂತ. ನಿನ್ನ ಗೆಳತಿ ಕುಸಿದಿದ್ದು ಅದರಿಂದ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರೂವರೆವರೆಗೆ ನೀರಿಲ್ಲದೆ, ಸುಡು ಬಿಸಿಲಿನಲ್ಲಿ ಓಡಿಸಿದರೆ ಯಾವ ಗಂಡಸೂ ಬೀಳುತ್ತಾನೆ. ಆ ಗ್ರೌಂಡಿನ ಹುಡುಗರು ಗೋಡೆ ಪಕ್ಕ ಹೋಗಿ ಬರುತ್ತಾರೆ, ಹಾಗಾಗಿ ಧೈರ್ಯವಾಗಿ ಕುಡಿಯುತ್ತಾರೆ. ಇದನ್ನು ಬಾಡಿ ವ್ಯತ್ಯಾಸ ಅಂತ ಕರೆಯುವುದು ಅನ್ಯಾಯ. ದೇಶ ಬಿಟ್ಟು ದೇಶಕ್ಕೆ ಹೋದ ಅಮೆರಿಕದ ಮಹಿಳಾ ಸೈನಿಕರದ್ದೂ ಇದೇ ಕಥೆ. ಟಾಯ್ಲೆಟ್ ದೂರ, ಜೊತೆಗೆ ಗಂಡಸರು, ಅದಕ್ಕೆ ನೀರು ಬಿಡುವುದು, ಮೂತ್ರ ತಡೆಯುವುದು, ಆಮೇಲೆ ಉರಿಮೂತ್ರ. ಆಸ್ಪತ್ರೆಗೆ ಬಂದ ಲೇಡಿ ಆಫೀಸರ್‌ಗಳಲ್ಲಿ ಇದನ್ನು ನಾನೂ ನೋಡಿದ್ದೇನೆ. ಕೇಳಿದರೆ ಮೊದಲು ಹೇಳುವುದಿಲ್ಲ. ಬಾಗಿಲು ಹಾಕಿ, ಪಕ್ಕದಲ್ಲಿ ಕೂತು ಕೇಳಿದರೆ ಹೇಳುತ್ತಾರೆ.

ಇನ್ನೊಂದು. ನಿನ್ನ ಹಿಮೋಗ್ಲೋಬಿನ್ ಎಷ್ಟಿದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಅಂತ ಬಂತು. ರಕ್ತ ಕಡಿಮೆ ಇದ್ದರೆ ಅದೇ ಓಟಕ್ಕೆ ಹೃದಯ ಇನ್ನಷ್ಟು ಬಡಿದುಕೊಳ್ಳಬೇಕು. ಚರ್ಮಕ್ಕೆ ರಕ್ತ ಕಳಿಸಿ ಶಾಖ ಹೊರಹಾಕಲೂ ಅದೇ ರಕ್ತ ಬೇಕು, ಕಾಲಿಗೂ ಅದೇ ಬೇಕು. ಟೈಮಿಂಗ್ ಎಂಟರ ಹತ್ತಿರ ಬಂದು ನಿಂತಿದೆ ಅಂದೆಯಲ್ಲ, ಮೊದಲು ಇದನ್ನು ನೋಡಿಸು. ಹತ್ತಿರದ ಸರ್ಕಾರಿ 'ನಮ್ಮ ಕ್ಲಿನಿಕ್'ಗೆ ಹೋಗು.

ಮುಟ್ಟಿನ ದಿನ ಓಡಬಾರದು ಅಂತೇನೂ ಇಲ್ಲ. ಹೊಟ್ಟೆನೋವು, ಸ್ರಾವ ಜಾಸ್ತಿ ಇದ್ದರೆ ಆ ದಿನ ನಿಧಾನ ಮಾಡು. ಓಡಲೇಬಾರದ ದಿನ ಅಂದರೆ ಜ್ವರ ಇದ್ದ ದಿನ, ಭೇದಿ ಆದ ದಿನ.

ಫಿಸಿಯಾಲಜಿ ಮೇಷ್ಟ್ರು

ಸಿಸ್ಟರ್ ಹೇಳಿದ್ದಕ್ಕೆ ನನ್ನ ಪಾಠದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಮೆಡಿಕಲ್ ಕಾಲೇಜಿನಲ್ಲಿ ಇದನ್ನೇ ಹೇಳಿಕೊಡುತ್ತೇನೆ.

"ಒಂದು ಚೂರು ನಿಜ" ಯಾವುದು ಅಂದರೆ ಬೆವರು. ಬೆವರಿನ ಗ್ರಂಥಿ ಹೆಂಗಸರಿಗೆ ಕಡಿಮೆ ಇಲ್ಲ, ಆದರೆ ಒಂದೊಂದು ಗ್ರಂಥಿ ಸುರಿಸುವ ಬೆವರು ಕಡಿಮೆ. ಸಾಧಾರಣ ಬಿಸಿಲು, ಸಾಧಾರಣ ಕೆಲಸದಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ತುಂಬಾ ಬಿಸಿ, ತುಂಬಾ ಜೋರು ಕೆಲಸ ಎರಡೂ ಸೇರಿದಾಗ ಕಾಣಿಸುತ್ತೆ. ಇನ್ನೊಂದು ಕಡೆ, ಹೆಂಗಸರ ದೇಹ ಚಿಕ್ಕದಾದ್ದರಿಂದ ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ. ಶಾಖ ಹೊರಹೋಗಲು ಬಾಗಿಲು ದೊಡ್ಡದು. ಮಂಗಳೂರು, ಚೆನ್ನೈಯಂಥ ಸೆಕೆಯಲ್ಲಿ ಇದು ಅನುಕೂಲ. ಅಲ್ಲಿ ಗಂಡಸರ ಬೆವರು ಆರದೆ ನೆಲಕ್ಕೆ ಬಿದ್ದು ಹೋಗುತ್ತೆ, ಮೈ ತಣಿಯುವುದಿಲ್ಲ, ನೀರು ಮಾತ್ರ ನಷ್ಟ. ಜೈಸಲ್ಮೇರಿನಂಥ ಒಣ ಬಿಸಿಲಿನಲ್ಲಿ ಗಾಳಿಯೇ ಚರ್ಮಕ್ಕಿಂತ ಬಿಸಿ. ಆಗ ಅದೇ ದೊಡ್ಡ ಬಾಗಿಲಿನಿಂದ ಶಾಖ ಒಳಗೆ ಬರುತ್ತೆ. ಹಾಗಾಗಿ ಯಾರಿಗೆ ಕಷ್ಟ ಅನ್ನುವುದು ಊರಿನ ಮೇಲೂ ಇದೆ.

ಇಸ್ರೇಲಿನ ಸೈನ್ಯದಲ್ಲಿ ಒಂದು ಪರೀಕ್ಷೆ ಇದೆ. ಹೀಟ್ ಸ್ಟ್ರೋಕ್ ಆದವರನ್ನು ಕೆಲಸಕ್ಕೆ ವಾಪಸ್ ಕಳಿಸುವ ಮುಂಚೆ ಮಾಡುತ್ತಾರೆ. 40 ಡಿಗ್ರಿ ಬಿಸಿ, 40 ಶೇಕಡ ತೇವಾಂಶದ ಕೋಣೆಯಲ್ಲಿ ಎರಡು ಗಂಟೆ ಟ್ರೆಡ್‌ಮಿಲ್ ಮೇಲೆ ನಡಿಗೆ. ವೇಗ ಗಂಟೆಗೆ 5 ಕಿ.ಮೀ., ಸಣ್ಣ ಏರು. ಮೈಯೊಳಗಿನ ಶಾಖ 38.5 ಮೀರಬಾರದು, ನಾಡಿ 150 ಮೀರಬಾರದು. ಇದರಲ್ಲಿ ಹೆಂಗಸರು ಗಂಡಸರಿಗಿಂತ ತುಂಬಾ ಜಾಸ್ತಿ ಫೇಲ್ ಆದರು. ಸರಿಯಾಗಿ ನೋಡಿದರೆ ದೊಡ್ಡ ಕಾರಣ ಫಿಟ್‌ನೆಸ್. ಎಲ್ಲರಿಗೂ ಒಂದೇ ವೇಗ ಇಟ್ಟಿದ್ದಾರೆ. ಶ್ವಾಸದ ಶಕ್ತಿ ಜಾಸ್ತಿ ಇರುವವನಿಗೆ ಅದು ಸುಲಭದ ನಡಿಗೆ, ಕಡಿಮೆ ಇರುವವಳಿಗೆ ಅದೇ ನಡಿಗೆ ಅರ್ಧ ಓಟ. ಆ ಪರೀಕ್ಷೆಯ ಮಟ್ಟವನ್ನು ಹೆಂಗಸರಿಗೆ ಬೇರೆ ಇಡಬೇಕಾ ಅನ್ನುವ ಚರ್ಚೆ ಸಂಶೋಧಕರಲ್ಲೇ ನಡೆಯಿತು. ಫಿಟ್‌ನೆಸ್ ಸರಿಸಮ ಇರುವ ಗಂಡು ಹೆಣ್ಣನ್ನು ಜೊತೆಗೆ ನಿಲ್ಲಿಸಿದರೆ ವ್ಯತ್ಯಾಸ ಬಹಳ ಮಟ್ಟಿಗೆ ಕರಗುತ್ತೆ. ಇದು ನಿಮಗೆ ಒಳ್ಳೆ ಸುದ್ದಿ. ಲಿಂಗ ನಿಮ್ಮ ಕೈಯಲ್ಲಿಲ್ಲ, ಫಿಟ್‌ನೆಸ್ ಇದೆ.

ಹೊರೆಯದ್ದೂ ಇದೇ ಲೆಕ್ಕ. 20 ಕಿಲೋ ಪಿಟ್ಟೂ 75 ಕಿಲೋ ಹುಡುಗನಿಗೆ ಅವನ ತೂಕದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. 50 ಕಿಲೋ ಹುಡುಗಿಗೆ ನೂರಕ್ಕೆ 40.

ಮುಟ್ಟಿನ ಚಕ್ರದ ಬಗ್ಗೆ: ಅಂಡ ಬಿಡುಗಡೆಯಾದ ಮೇಲಿನ ಎರಡು ವಾರ, ಅಂದರೆ ಮುಟ್ಟು ಬರುವ ಮುಂಚಿನ ದಿನಗಳಲ್ಲಿ, ಮೈ ಶಾಖ 0.3ರಿಂದ 0.5 ಡಿಗ್ರಿ ಮೇಲಿರುತ್ತೆ. ಬೆವರು ಶುರುವಾಗುವುದೂ ಸ್ವಲ್ಪ ತಡ. ಮುಟ್ಟಿನ ದಿನಗಳಲ್ಲಿ ಶಾಖ ವಾಪಸ್ ಇಳಿದಿರುತ್ತೆ. ಜನ ಅಂದುಕೊಳ್ಳುವುದಕ್ಕೆ ಉಲ್ಟಾ, ಅಲ್ವಾ? ಆದರೆ ಈ ಅರ್ಧ ಡಿಗ್ರಿ ಒಂದರಿಂದಲೇ ಯಾರೂ ಬೀಳುವುದಿಲ್ಲ. ನೀರಿಲ್ಲ, ನಿದ್ದೆಯಿಲ್ಲ, ರಕ್ತ ಕಡಿಮೆ, ಅದರ ಮೇಲೆ ಇದೂ ಸೇರಿದರೆ ಲೆಕ್ಕ ಕೂಡುತ್ತಾ ಹೋಗುತ್ತೆ.

ನಿವೃತ್ತ ಉಸ್ತಾದ್

ಸಿಸ್ಟರ್ ಮೇಡಂ ಮೇಲೆ ನನಗೆ ಗೌರವ ಇದೆ. ಆದರೆ ಒಂದು ಮಾತು. ನಾನು ಪಿ.ಟಿ. ಕಲಿಸಿದವನು. ಬಿಸಿಲಲ್ಲಿ ಓಡಿಸದೆ ಸೈನಿಕ ತಯಾರಾಗುವುದಿಲ್ಲ. ಯುದ್ಧ ಬೆಳಿಗ್ಗೆ ಆರು ಗಂಟೆ ತಂಪಿಗೆ ಕಾಯುವುದಿಲ್ಲ. ಹುಡುಗ ಹುಡುಗಿ ಯಾರೇ ಆಗಲಿ, ರಗಡಾ (ಮೈ ಮುರಿಯುವ ಕಠಿಣ ಪಿ.ಟಿ.) ಬಿದ್ದರೇ ಗಟ್ಟಿಯಾಗುವುದು. ಈ ತಂಗಿ ಆಸೆ ಬಿಡಬಾರದು ಅಂತಲೇ ಹೇಳುತ್ತಿದ್ದೇನೆ.

ಜಾಲಹಳ್ಳಿ ಸಿಸ್ಟರ್

ಉಸ್ತಾದ್ ಅವರೇ, ಬಿಸಿಲಲ್ಲಿ ಓಡಿಸಬೇಡಿ ಅಂತ ನಾನೂ ಹೇಳುವುದಿಲ್ಲ. ಬಿಸಿಲಿಗೆ ಒಗ್ಗಲು ಬಿಸಿಲೇ ಬೇಕು. ಅದನ್ನು ಹೇಗೆ ಕೊಡುತ್ತೀರಿ ಅನ್ನುವುದೇ ಪ್ರಶ್ನೆ. ದಿನಕ್ಕೆ ಒಂದೂವರೆ ಎರಡು ಗಂಟೆ, ಮೊದಲು ನಡಿಗೆ, ಆಮೇಲೆ ನಿಧಾನ ಓಟ, ಆಮೇಲೆ ಜೋರು. ಹತ್ತರಿಂದ ಹದಿನಾಲ್ಕು ದಿನದಲ್ಲಿ ರಕ್ತದ ನೀರಿನಂಶ ಜಾಸ್ತಿಯಾಗುತ್ತೆ, ಬೆವರು ಬೇಗ ಶುರುವಾಗುತ್ತೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತೆ, ನಾಡಿ ಇಳಿಯುತ್ತೆ. ಹೆಂಗಸರಿಗೆ ಇದಕ್ಕೆ ಕೆಲವು ದಿನ ಜಾಸ್ತಿ ಬೇಕಾಗಬಹುದು, ಅಷ್ಟೇ. ಒಗ್ಗುತ್ತಾರೆ. ರಜೆಗೆ ಹೋಗಿ ಕೆಲವು ವಾರ ತಂಪಿನಲ್ಲಿದ್ದು ಬಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಇದು ಗಂಡಸಿಗೂ ಒಂದೇ, ಹೆಂಗಸಿಗೂ ಒಂದೇ. ಮಡಿಕೇರಿಯಿಂದ ಕರೆದುಕೊಂಡು ಹೋಗಿ ಜೋಧಪುರದಲ್ಲಿ ಇಳಿಸಿದ ವಾರವೇ ಪಿಟ್ಟೂ ಹೊರಿಸಿ ಓಡಿಸಿದರೆ ಅದು ಗಟ್ಟಿ ಮಾಡುವುದಲ್ಲ, ಆಸ್ಪತ್ರೆಗೆ ಕಳಿಸುವುದು.

ಅಮೆರಿಕದ ಮರೀನ್ ಸೈನಿಕರಿಗೆ ಪ್ಯಾರಿಸ್ ಐಲ್ಯಾಂಡ್ ಅಂತ ಒಂದು ಟ್ರೈನಿಂಗ್ ಜಾಗ ಇದೆ. ಅಲ್ಲಿ ಬಿಸಿಲಿಗೆ ಹುಡುಗರು ಬೀಳುವುದು ಎಷ್ಟಾಯಿತು ಅಂದರೆ, 1950ರ ದಶಕದಲ್ಲಿ ಅದಕ್ಕೆಂದೇ ಹೊಸ ಅಳತೆ ತಂದರು. ಬರೀ ಥರ್ಮಾಮೀಟರ್ ಅಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್, ಬಿಸಿಲಿಗೆ ಇಟ್ಟ ಕಪ್ಪು ಗೋಳ, ನೆರಳಿನ ಶಾಖ, ಮೂರೂ ಸೇರಿಸಿದ ಲೆಕ್ಕ. ನೂರಕ್ಕೆ ಎಪ್ಪತ್ತು ಪಾಲು ಆ ಒದ್ದೆ ಬಟ್ಟೆಯದು, ಅಂದರೆ ತೇವಾಂಶದ್ದು. ಇವತ್ತಿಗೂ ಸೈನ್ಯ, ಕ್ರೀಡೆ ಎಲ್ಲದರಲ್ಲೂ ಅದೇ ಅಳತೆ. ಯುದ್ಧ ಮಾಡುವವರೇ ಟ್ರೈನಿಂಗಿಗೆ ಹವಾಮಾನ ನೋಡುತ್ತಾರೆ ಅಂದಮೇಲೆ ಹೆಸರಘಟ್ಟ ರಸ್ತೆಯ ಅಕಾಡೆಮಿ ನೋಡಬಾರದಾ? ಬೆಂಗಳೂರು ತಂಪು ಅನ್ನುವ ಹಳೇ ನಂಬಿಕೆ ಬೇಡ. 2016ರ ಏಪ್ರಿಲ್‌ನಲ್ಲಿ ಇಲ್ಲೇ 39.2 ಡಿಗ್ರಿ ಆಗಿತ್ತು.

ಮಾಜಿ ಕೆಡೆಟ್, ಯಶವಂತಪುರ

ಸಿಸ್ಟರ್ ಟಾಯ್ಲೆಟ್ ವಿಷಯ ಎತ್ತಿದ್ದು ನೋಡಿ ನನಗೆ ಬರೆಯಲೇಬೇಕು ಅನ್ನಿಸಿತು. ನಾನು ಎನ್‌ಸಿಸಿ ಮಾಡಿದವಳು. ನಮ್ಮ ಒಂದು ಕ್ಯಾಂಪಿನಲ್ಲಿ ಹುಡುಗಿಯರಿಗೆ ಗೋಣಿತಟ್ಟಿನ ಮರೆ ಕಟ್ಟಿದ ಟಾಯ್ಲೆಟ್. ಒಳಗೆ ಬಕೆಟ್ ಇರುತ್ತಿತ್ತು, ನೀರು ಇರುತ್ತಿರಲಿಲ್ಲ. ಚಿಲಕದ ಬದಲು ಒಂದು ತುಂಡು ದಾರ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ದಾರ ಹಿಡಿದು ನಿಲ್ಲಬೇಕು. ಬೆಳಿಗ್ಗೆ ಫಾಲ್ ಇನ್‌ಗೆ (ಪರೇಡಿಗೆ ಸಾಲಾಗಿ ನಿಲ್ಲುವುದಕ್ಕೆ) ಮುಂಚೆ ಟಾಯ್ಲೆಟ್ಟಿಗೆ ಉದ್ದ ಸಾಲು. ಸಾಲು ಮುಗಿಯದಿದ್ದರೆ ಹಾಗೇ ಗ್ರೌಂಡಿಗೆ. ಹಾಗಾಗಿ ಸಂಜೆ ಆದಮೇಲೆ ಯಾರೂ ನೀರು ಮುಟ್ಟುತ್ತಿರಲಿಲ್ಲ. ಡ್ರಿಲ್ಲಿನಲ್ಲಿ ಸಾಲುಸಾಲಾಗಿ ಹುಡುಗಿಯರು ಬಿದ್ದರು. "ತಿಂಡಿ ಸರಿಯಾಗಿ ತಿನ್ನಲ್ಲ, ಡಯಟ್ ಮಾಡ್ತಾರೆ" ಅಂತ ಬೈಗುಳ ನಮಗೇ.

ಆಮೇಲೆ ಏನಾಯಿತು ಗೊತ್ತಾ? ನೀರು ಕುಡಿಯಿರಿ ಅಂತ ಆರ್ಡರ್ ಬಂತು. ಗಂಟೆಗೊಂದು ಸಲ ಸಾಲಾಗಿ ನಿಲ್ಲಿಸಿ, ಬಾಟಲ್ ಖಾಲಿ ಮಾಡಿ ತಲೆಕೆಳಗೆ ಹಿಡಿದು ತೋರಿಸಬೇಕು. ನಮ್ಮಲ್ಲಿ ಸಣ್ಣ ಮೈಯ ಒಬ್ಬಳು ಭಯಕ್ಕೆ ಎರಡೆರಡು ಬಾಟಲ್ ಕುಡಿದಳು. ಸಂಜೆಗೆ ತಲೆ ಸಿಡಿಯುತ್ತೆ ಅಂದಳು, ವಾಂತಿ ಶುರುವಾಯಿತು, ಬೆರಳು ಊದಿ ಉಂಗುರ ಬರಲಿಲ್ಲ. ಎಲ್ಲರೂ ಬಿಸಿಲು ಹೊಡೆದಿದೆ ಅಂತ ಇನ್ನೂ ನೀರು ಕುಡಿಸಲು ಹೋದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಸೋಡಿಯಂ ಇಳಿದಿತ್ತು. ಅವಳು ಹುಷಾರಾದಳು. ಸಿಸ್ಟರ್, ಇದು ಹೆಂಗಸರಿಗೆ ಜಾಸ್ತಿ ಆಗುತ್ತಾ?

ಜಾಲಹಳ್ಳಿ ಸಿಸ್ಟರ್

ಒಳ್ಳೆಯ ಸಮಯಕ್ಕೆ ಹೇಳಿದೆ ಕಣಮ್ಮ. ಹೌದು, ಹೆಂಗಸರಿಗೆ ಅಪಾಯ ಜಾಸ್ತಿ. ದೇಹ ಚಿಕ್ಕದು, ಬೆವರು ಕಡಿಮೆ, ಆದರೆ ಕುಡಿ ಅನ್ನುವ ಆರ್ಡರ್ ಎಲ್ಲರಿಗೂ ಒಂದೇ ಅಳತೆ. ಬರೀ ನೀರು ಮಿತಿ ಮೀರಿ ಹೋದರೆ ರಕ್ತದ ಉಪ್ಪು ತೆಳುವಾಗಿ ಮಿದುಳು ಊದಿಕೊಳ್ಳುತ್ತೆ. ಅಮೆರಿಕದ ಸೈನ್ಯದಲ್ಲಿ ಇದರಿಂದ ಸಾವೂ ಆಗಿದೆ. 1998ರಲ್ಲಿ ಅವರು ನಿಯಮವನ್ನೇ ಬದಲಾಯಿಸಿದರು. ಎಷ್ಟೇ ಬಿಸಿಲಿರಲಿ, ಗಂಟೆಗೆ ಸುಮಾರು 1.4 ಲೀಟರ್ ದಾಟಬಾರದು, ದಿನಕ್ಕೆ ಸುಮಾರು 11 ಲೀಟರ್ ದಾಟಬಾರದು. ಅದು ದೊಡ್ಡ ಮೈಯ ಸೈನಿಕ ದಿನವಿಡೀ ದುಡಿದರೆ ತಲುಪುವ ಗಡಿ. 50 ಕಿಲೋ ಹುಡುಗಿ ಮುಟ್ಟಬೇಕಾದ ಗುರಿ ಅಲ್ಲ.

ಹೇಗೆ ಗುರುತಿಸುವುದು? ಬಾಯಾರಿಕೆ ಇಲ್ಲ, ಮೂತ್ರ ನೀರಿನಷ್ಟು ತಿಳಿ, ಹೊಟ್ಟೆ ಉಬ್ಬರ, ತಲೆನೋವು ಏರುತ್ತಲೇ ಇದೆ, ಕೈ ಊದಿದೆ, ಮೈ ಸುಡುತ್ತಿಲ್ಲ. ಇಂಥವರಿಗೆ ಒಂದು ಗುಟುಕು ನೀರೂ ಬೇಡ, ನೇರ ಆಸ್ಪತ್ರೆ. ಸಾಲಾಗಿ ನಿಲ್ಲಿಸಿ ಬಾಟಲ್ ಖಾಲಿ ಮಾಡಿಸುವುದು ಒಳ್ಳೆ ಮನಸ್ಸಿನಿಂದಲೇ ಮಾಡುವ ಕೆಲಸ, ನನಗೆ ಗೊತ್ತು. ಆದರೆ ಅದರ ಬದಲು ಒಂದು ಟಾಯ್ಲೆಟ್ಟಿಗೆ ಬಾಗಿಲು, ಚಿಲಕ ಹಾಕಿಸಿದ್ದರೆ ಹುಡುಗಿಯರು ಬಾಯಾರಿದಾಗ ತಾವೇ ಕುಡಿಯುತ್ತಿದ್ದರು.

ದಾಸರಹಳ್ಳಿ ಮಗಳೇ, ನಿನಗೆ ಹೇಳುವುದು ಇಷ್ಟು. ಬೆಳಿಗ್ಗೆಯಿಂದ ಸ್ವಲ್ಪ ಸ್ವಲ್ಪ ಕುಡಿ. ಮೂತ್ರ ತೆಳು ಹಳದಿ ಇದ್ದರೆ ಸಾಕು. ಮಧ್ಯಾಹ್ನ ಊಟದ ಜೊತೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ರಾಗಿ ಅಂಬಲಿ. ಊಟ ಬಿಟ್ಟು ಓಡಬೇಡ, ಉಪ್ಪು ಬರುವುದು ಊಟದಿಂದಲೇ. ಬೆವರು ಜಾಸ್ತಿ ಹೋದ ದಿನ ಒಂದು ಪ್ಯಾಕೆಟ್ ಓಆರ್‌ಎಸ್ ಪೂರ್ತಿ ಒಂದು ಲೀಟರ್ ನೀರಿಗೆ ಕಲಸು, ಅರ್ಧ ಲೀಟರಿಗೆ ಅಲ್ಲ. ನೆಗಡಿಗೆ ನಿದ್ದೆ ಬರಿಸುವ ಮಾತ್ರೆ ನುಂಗಿ ಓಡಬೇಡ, ಅಂಥ ಕೆಲವು ಮಾತ್ರೆ ಬೆವರು ತಡೆಯುತ್ತವೆ.

ರಾಜಸ್ಥಾನಕ್ಕೆ ಹಾಕಿದರೆ ಏನು ಮಾಡ್ತೀರಿ ಅಂತ ಕೇಳಿದರಲ್ಲ ಕೋಚ್, ಅವರಿಗೆ ಇದನ್ನು ಹೇಳು. ನಿನ್ನ ಮುಂದೆ ಹೋದವರು ಇಲ್ಲೇ ಇದ್ದರು. ಮಿಲಿಟರಿ ಪೊಲೀಸ್‌ನ ಮೊದಲ ಮಹಿಳಾ ಬ್ಯಾಚ್, 83 ಹುಡುಗಿಯರು, ನಮ್ಮ ಬೆಂಗಳೂರಿನ ಸಿಎಂಪಿ (ಕೋರ್ ಆಫ್ ಮಿಲಿಟರಿ ಪೊಲೀಸ್) ಸೆಂಟರಿನ ದ್ರೋಣಾಚಾರ್ಯ ಪರೇಡ್ ಗ್ರೌಂಡಿನಿಂದ 2021ರ ಮೇ 8ರಂದು ಪಾಸ್ ಔಟ್ ಆದರು. 61 ವಾರದ ಟ್ರೈನಿಂಗ್. ಅದರಲ್ಲಿ ಒಂದು ಪೂರ್ತಿ ಬೇಸಿಗೆ, ಇನ್ನೊಂದರ ಮುಕ್ಕಾಲು ಪಾಲು ಬಂದೇ ಇತ್ತಲ್ಲ. ಮಿಲಿಟರಿ ನರ್ಸ್‌ಗಳಂತೂ 1888ರಿಂದ ಈ ದೇಶದ ಬಿಸಿಲಿನಲ್ಲಿ ಕೆಲಸ ಮಾಡುತ್ತಿದ್ದಾರೆ.

ದಾಸರಹಳ್ಳಿ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಕ್ಲಿನಿಕ್‌ನಲ್ಲಿ ನಾನು, ಗೆಳತಿ ಇಬ್ಬರೂ ರಕ್ತ ಕೊಟ್ಟು ಬಂದೆವು. ನನ್ನದು 11.4, ಅವಳದು 9.8. ಡಾಕ್ಟರ್ ಇಬ್ಬರಿಗೂ ಐರನ್ ಮಾತ್ರೆ ಕೊಟ್ಟಿದ್ದಾರೆ. ಅವಳು ಈ ಥ್ರೆಡ್ ಪೂರ್ತಿ ಓದಿದಳು. ಅವಳ ಅಮ್ಮನಿಗೂ ಓದಿ ಹೇಳಿದಳಂತೆ.

ನಾವು ಹುಡುಗಿಯರೆಲ್ಲ ಸೇರಿ ಕೋಚ್ ಹತ್ತಿರ ಮಾತಾಡಿದೆವು. ಗ್ರೌಂಡ್ ಪಕ್ಕದ ಶಾಲೆಯ ಟಾಯ್ಲೆಟ್ ಬೀಗದ ಕೈ ಕೇಳಿ ಕೊಡಿಸುತ್ತೇನೆ ಅಂದಿದ್ದಾರೆ. ಗ್ರೌಂಡ್ ಟೈಮ್ ಬದಲಾಯಿಸಲು ಒಪ್ಪಲಿಲ್ಲ, ಆದರೆ ಐದು ಗಂಟೆಗೆ ಜೋರು ಓಟ, ಅದಕ್ಕೆ ಮುಂಚೆ ನೆರಳಲ್ಲಿ ಎಕ್ಸರ್‌ಸೈಜ್ ಅಂತ ಮಾಡಿದ್ದಾರೆ. ಉಸ್ತಾದ್ ಸರ್, ನಿಮ್ಮ ಮಾತಿಗೂ ಥ್ಯಾಂಕ್ಸ್, ಆಸೆ ಬಿಟ್ಟಿಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಸಿಸ್ಟರ್, ನೀವು ಹೇಳಿದ ಟಬ್ ನಮ್ಮ ಗ್ರೌಂಡಿನಲ್ಲಿ ಎಲ್ಲಿಂದ ಬರಬೇಕು? ಗುದದ ಥರ್ಮಾಮೀಟರ್ ಕೂಡ ಇಲ್ಲ. ಹುಡುಗರಲ್ಲಿ ಯಾರಿಗಾದರೂ ನಿಜವಾದ ಹೀಟ್ ಸ್ಟ್ರೋಕ್ ಆದರೆ ನಾವು ಏನು ಮಾಡುವುದು?

ಜಾಲಹಳ್ಳಿ ಸಿಸ್ಟರ್

9.8 ಇರುವವಳು ಸದ್ಯಕ್ಕೆ ಜೋರು ಓಟ ಬೇಡ, ನಡಿಗೆ ಸಾಕು. ಡಾಕ್ಟರ್ ಹೇಳಿದ ದಿನಕ್ಕೆ ಮತ್ತೆ ಪರೀಕ್ಷೆ ಮಾಡಿಸಲಿ. ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬಾರದು, ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು.

ಟಬ್ ಬೇಕಾಗಿಲ್ಲ. ಒಂದು ದೊಡ್ಡ ಟಾರ್ಪಾಲು ತಂದು ಗ್ರೌಂಡಿನಲ್ಲಿ ಇಟ್ಟುಕೊಳ್ಳಿ, ಲಾರಿಗೆ ಹೊದಿಸುವಂಥದ್ದು. ಯಾರಾದರೂ ಓಡುತ್ತಾ ತಡವರಿಸಿದರೆ, ಏನೇನೋ ಮಾತಾಡಿದರೆ, ಸಿಟ್ಟಿಗೆದ್ದು ಜಗಳಕ್ಕೆ ಬಂದರೆ, ಪ್ರಜ್ಞೆ ತಪ್ಪಿದರೆ, ಥರ್ಮಾಮೀಟರ್‌ಗೆ ಕಾಯಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಉಳಿದವರು ಅವನ ಶೂ, ಅಂಗಿ ತೆಗೆದು ಟಾರ್ಪಾಲಿನ ಮಧ್ಯೆ ಮಲಗಿಸಿ. ಸುತ್ತ ನಿಂತು ಅಂಚು ಎತ್ತಿ ಹಿಡಿಯಿರಿ, ತೊಟ್ಟಿಯ ಹಾಗೆ ಆಗಬೇಕು. 20 ಲೀಟರಿನ ನೀರಿನ ಕ್ಯಾನ್ ಆರೇಳು ಸುರಿಯಿರಿ, ಐಸ್ ಇದ್ದರೆ ಅದನ್ನೂ ಹಾಕಿ. ಮೀನಿನ ಅಂಗಡಿಯಲ್ಲಿ, ಜ್ಯೂಸ್ ಅಂಗಡಿಯಲ್ಲಿ ಸಿಗುತ್ತೆ, ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಐಸ್ ಸಿಗದಿದ್ದರೆ ಬೋರ್‌ವೆಲ್ ನೀರೂ ನಡೆಯುತ್ತೆ, ನಿಧಾನವಾಗಿಯಾದರೂ ತಣಿಸುತ್ತೆ. ಟಾರ್ಪಾಲನ್ನು ಆ ಕಡೆ ಈ ಕಡೆ ಅಲ್ಲಾಡಿಸಿ ನೀರು ಓಡಾಡಿಸುತ್ತಿರಿ. ನಿಂತ ನೀರು ಮೈ ಪಕ್ಕದಲ್ಲೇ ಬಿಸಿಯಾಗಿಬಿಡುತ್ತೆ. ಒಬ್ಬರು ತಲೆ ಬಿಡದೆ ಹಿಡಿದಿರಬೇಕು, ಮೂಗು ಬಾಯಿ ನೀರಿನ ಮೇಲೆ. ಬಾಯಿಗೆ ಏನೂ ಹಾಕಬೇಡಿ. ಐಸ್ ನೀರಾದರೆ ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಬುದ್ಧಿ ತಿಳಿಯಾಗಿ ಹೆಸರು, ಊರು ಸರಿ ಹೇಳಿದರೂ ಆಂಬುಲೆನ್ಸ್ ವಾಪಸ್ ಕಳಿಸಬೇಡಿ, ಆಸ್ಪತ್ರೆಗೆ ಹೋಗಲೇಬೇಕು. ಆಮೇಲೆ ಕಡಿಮೆ ಅಂದರೂ ಒಂದು ವಾರ ಓಟ ಇಲ್ಲ, ಡಾಕ್ಟರ್ ಹೇಳುವವರೆಗೆ ಗ್ರೌಂಡಿಗೆ ಬರುವಂತಿಲ್ಲ.

ಬಿದ್ದವಳು ಹುಡುಗಿಯಾದರೂ ಇದೇ ಕೆಲಸ, ಇದೇ ವೇಗ. ಅಂಗಿ ತೆಗೆಯಲು ಹಿಂದೆಮುಂದೆ ನೋಡುತ್ತಾ ಹೊತ್ತು ಕಳೆಯುವುದನ್ನು ನಾನು ನೋಡಿದ್ದೇನೆ. ಬಟ್ಟೆಯ ಸಮೇತವೇ ನೀರಿಗೆ ಇಳಿಸಿ, ಪರವಾಗಿಲ್ಲ. ನಿಮ್ಮ ಬ್ಯಾಚಿನಲ್ಲಿ ಇಬ್ಬರು ಹುಡುಗಿಯರು ಇದನ್ನು ಕಲಿತು ಇಟ್ಟುಕೊಳ್ಳಿ. ಒಂದು ಸಲ ಸುಮ್ನೆ ಅಭ್ಯಾಸಕ್ಕೆ ಕೋಚ್‌ನ್ನೂ ಸೇರಿಸಿಕೊಂಡು ಟಾರ್ಪಾಲು ಹಿಡಿದು ನೋಡಿ. ಅನುಮಾನ ಬಂದರೆ ಇಲ್ಲೇ ಬರಿ, ನಾನು ದಿನಾ ಸಂಜೆ ನೋಡುತ್ತೇನೆ.